ಒಂದನೆಯ ನಂಬರಿನ ಹೋಟೆಲು

ಲಾಸ್ ವೇಗಸ್ ಎಂಬ ನಗರದ ಹೆಸರನ್ನು ಕೇಳದವರು ವಿರಳ. ಅಮೆರಿಕ ಸಂಯುಕ್ತ ಸಂಸ್ಥಾನದ ನೆವಾಡ ರಾಜ್ಯದಲ್ಲಿ, ಮೊಹಾವಿ ಮರುಭೂಮಿಯ ನಡುವೆ ಬೆಳೆದು ನಿಂತ ಆ ನಗರವು ಜೂಜಿನ ರಾಜಧಾನಿಯೆಂದು ಲೋಕಪ್ರಸಿದ್ಧವಾಗಿದೆ. ಆದರೆ ‘ಸಾಲ್ ಸಗೇವ್’ ಎಂಬ ಹೆಸರು ವಾಚಕರಲ್ಲಿ ಎಷ್ಟು ಮಂದಿಗೆ ಪರಿಚಿತವೋ ತಿಳಿಯದು. ಅದು ಯಾವನೋ ಅರಬ್ಬೀ ವರ್ತಕನ ಹೆಸರಿನಂತೆ ಕಿವಿಗೆ ಕೇಳಿಸುತ್ತದೆ. ವಾಸ್ತವವಾಗಿ ಲಾಸ್ ವೇಗಸ್ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಒಂದೊಂದು ಪದವನ್ನೂ ಬಲದಿಂದ ಎಡಕ್ಕೆ ಓದಿದರೆ ಬರುವ ಹೆಸರೇ ಅದು. ಆ ನಗರದ ಅತ್ಯಂತ ಹಳೆಯ ಹೋಟೆಲು ಕೆಲವು ದಶಕಗಳ ಕಾಲ ಈ ತಲೆಕೆಳಗಾದ ಹೆಸರನ್ನು ಹೊತ್ತುಕೊಂಡು ನಿಂತಿತ್ತು. ಅದಕ್ಕೆ ಮುಂಚೆ ಅದರ ಹೆಸರು ಹೋಟೆಲ್ ನೆವಾಡ. ಈಗಿನ ಹೆಸರು ಗೋಲ್ಡನ್ ಗೇಟ್. ಮೂರು ಹೆಸರುಗಳಾದರೂ ವಿಳಾಸ ಒಂದೇ: ಫ್ರೀಮಾಂಟ್ ಬೀದಿ, ಒಂದನೆಯ ನಂಬರು.

ಈ ಒಂದು ಮೂಲೆಯಲ್ಲಿ ನಿಂತು ನೋಡಿದರೆ, ಇಪ್ಪತ್ತನೆಯ ಶತಮಾನದ ವಿಜ್ಞಾನ ಮತ್ತು ಯಂತ್ರಕಲೆಗಳ ಮೆರವಣಿಗೆಯು ಒಂದಾದ ಮೇಲೊಂದರಂತೆ ಬಾಗಿಲ ಮುಂದೆಯೇ ಹಾದುಹೋಗುವುದು ಕಾಣುತ್ತದೆ. ಆದುದರಿಂದ ಜೂಜಿನ ಮನೆಯೊಂದರ ಚರಿತ್ರೆಯನ್ನು ವಿಜ್ಞಾನದ ಪತ್ರಿಕೆಯಲ್ಲಿ ಬರೆಯುವುದಕ್ಕೆ ಸಂಕೋಚಪಡಬೇಕಾದುದಿಲ್ಲ.

ಮೊದಲು ನೀರಿನ ಮಾತು. ಸ್ಪ್ಯಾನಿಷ್ ಭಾಷೆಯಲ್ಲಿ ‘ಲಾಸ್ ವೇಗಸ್’ ಎಂದರೆ ಹುಲ್ಲುಗಾವಲುಗಳು. ವರ್ಷಕ್ಕೆ ಸುಮಾರು ನಾಲ್ಕು ಅಂಗುಲ ಮಾತ್ರ ಮಳೆ ಬೀಳುವ ನೆಲಕ್ಕೆ ಈ ಹೆಸರು ಬಂದುದಾದರೂ ಹೇಗೆ? ಕಣಿವೆಯ ಪಶ್ಚಿಮಕ್ಕೆ ಸ್ಪ್ರಿಂಗ್ ಪರ್ವತಗಳಿವೆ; ಅವುಗಳ ಅತ್ಯುನ್ನತ ಶಿಖರವಾದ ಚಾರ್ಲ್ಸ್‌ಟನ್ ಸುಮಾರು ೧೧,೯೦೦ ಅಡಿ ಎತ್ತರವಾಗಿದೆ. ಚಳಿಗಾಲದಲ್ಲಿ ಅಲ್ಲಿ ಬೀಳುವ ಹಿಮವು ಕರಗಿ, ಬಂಡೆಗಳ ಬಿರುಕುಗಳಲ್ಲಿ ಇಳಿದು, ಕಣಿವೆಯ ಅಡಿಯಲ್ಲಿರುವ ಮರಳು ಮತ್ತು ನೊರಜುಗಲ್ಲಿನ ಪದರಗಳಿಗೆ ಬಂದು ಸೇರುತ್ತದೆ. ಆ ಪದರಗಳ ಮೇಲೆ ನೀರನ್ನು ಬಿಟ್ಟುಕೊಡದ ಜೇಡಿಯ ಹೊದಿಕೆಯಿದೆ. ಬೆಟ್ಟದ ಕಡೆಯಿಂದ ಬರುವ ನೀರಿನ ಒತ್ತಡ ಒಂದು ಕಡೆ, ಮೇಲಿನ ಮುಚ್ಚಳ ಇನ್ನೊಂದು ಕಡೆ. ಎಲ್ಲಿ ಸಂದು ಸಿಕ್ಕಿತೋ ಅಲ್ಲಿ ನೀರು ತಾನಾಗಿಯೇ ಚಿಮ್ಮಿ ಬರುತ್ತದೆ. ಹೀಗೆ ಹುಟ್ಟಿದ ಚಿಲುಮೆಗಳ ಸುತ್ತ ಹುಲ್ಲು ಬೆಳೆದಿತ್ತು. ಪಾಯೂಟ್ ಎಂಬ ಮೂಲನಿವಾಸಿಗಳು ಬಹುಕಾಲದಿಂದ ಆ ನೀರನ್ನು ಆಶ್ರಯಿಸಿದ್ದರು.

ಉಗಿಬಂಡಿಗಳಿಗೂ ಬಾಯಾರಿಕೆ ಹೆಚ್ಚು. ಲಾಸ್ ಏಂಜಲೀಸಿನಿಂದ ಸಾಲ್ಟ್ ಲೇಕ್ ನಗರಕ್ಕೆ ರೈಲುಹಾದಿ ಹಾಕಿಸಿದ ಸೆನೆಟರ್ ವಿಲಿಯಂ ಕ್ಲಾರ್ಕ್ ಎಂಬ ತಾಮ್ರದ ಗಣಿಗಳ ಧನಿಕನು, ಮರುಭೂಮಿಯ ನಡುವೆ ಎಂಜಿನುಗಳಿಗೆ ನೀರು ತುಂಬಿಸಲು ಈ ಚಿಲುಮೆಗಳ ನೆಲವನ್ನು ೧೯೦೨ರಲ್ಲಿ ಹೆಲೆನ್ ಸ್ಟುಅರ್ಟ್ ಎಂಬ ಜಮೀನುದಾರಳಿಂದ ಕೊಂಡುಕೊಂಡನು. ಹಳಿಗಳು ೧೯೦೫ರ ಜನವರಿಯಲ್ಲಿ ಕೂಡಿಕೊಂಡವು. ಅದೇ ವರ್ಷದ ಮೇ ೧೫ರಂದು, ಉರಿಬಿಸಿಲಿನಲ್ಲಿ, ನಿಲ್ದಾಣದ ಎದುರಿನ ಬಯಲನ್ನು ನಿವೇಶನಗಳಾಗಿ ಗೀಚಿ ಹರಾಜು ಹಾಕಿದರು. ನಿಲ್ದಾಣಕ್ಕೆ ನೇರವಾಗಿ ಎದುರಾಗಿದ್ದ ಮೂಲೆಯ ನಿವೇಶನವನ್ನು ಜಾನ್ ಮಿಲ್ಲರ್ ಎಂಬಾತನು ೧,೭೫೦ ಡಾಲರುಗಳಿಗೆ ಹಿಡಿದನು. ರೈಲಿನಿಂದ ಇಳಿದ ಪ್ರಯಾಣಿಕನ ಕಣ್ಣಿಗೆ ಮೊದಲು ಬೀಳುವ ಸ್ಥಳ ಅದೇ ಎಂಬುದನ್ನು ಅವನು ಚೆನ್ನಾಗಿ ಅರಿತಿದ್ದನು. ಮೊದಲು ಗುಡಾರ ಹಾಕಿ ಅತಿಥಿಗಳನ್ನು ಮಲಗಿಸಿದನು. ೧೯೦೬ರ ಜನವರಿಯಲ್ಲಿ ಗಟ್ಟಿಯಾದ ಕಟ್ಟಡವೊಂದು ಎದ್ದು, ಹೋಟೆಲ್ ನೆವಾಡ ಎಂಬ ಹೆಸರಿನಿಂದ ಬಾಗಿಲು ತೆರೆಯಿತು. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಗೆ ದಿನಕ್ಕೆ ಒಂದು ಡಾಲರು ಬಾಡಿಗೆ. ವಿದ್ಯುದ್ದೀಪ ಇತ್ತು, ಚಳಿಗಾಲಕ್ಕೆ ಉಗಿಯ ಕೊಳವೆಗಳ ಶಾಖವೂ ಇತ್ತು. ಬೇಸಗೆಗೆ ಕಿಟಕಿಯ ಹೊರತು ಬೇರೇನೂ ಇರಲಿಲ್ಲ.

ಮರುವರ್ಷ, ೧೯೦೭ರಲ್ಲಿ, ಊರಿನ ಮೊಟ್ಟಮೊದಲ ದೂರವಾಣಿಯು ಈ ಹೋಟೆಲಿಗೆ ಬಂದಿತು. ಅದರ ಸಂಖ್ಯೆ ‘೧’. ಕೇಳುವುದಕ್ಕೆ ಹೆಮ್ಮೆಯ ವಿಷಯವೇ ಹೌದು. ಆದರೆ ಊರಿಗೆಲ್ಲ ಒಂದೇ ದೂರವಾಣಿ ಇದ್ದರೆ ಪಕ್ಕದ ಅಂಗಡಿಯವನೊಡನೆ ಮಾತನಾಡಲು ಎದ್ದು ಹೋಗುವುದೇ ಗತಿ! ಸಂಪರ್ಕದ ಗಣಿತವೇ ಹಾಗೆ. ಎರಡು ಉಪಕರಣಗಳಿದ್ದರೆ ಸಾಧ್ಯವಾಗುವ ಜೋಡಿ ಒಂದು. ಹತ್ತು ಇದ್ದರೆ ನಲವತ್ತೈದು. ನೂರು ಇದ್ದರೆ ೪,೯೫೦. ಉಪಕರಣಗಳು ಹತ್ತು ಪಟ್ಟು ಹೆಚ್ಚಿದಾಗ ಪ್ರಯೋಜನವು ಸರಿಸುಮಾರು ನೂರು ಪಟ್ಟು ಹೆಚ್ಚುತ್ತದೆ. ದೂರವಾಣಿ ಹಬ್ಬಿದ ವೇಗಕ್ಕೆ ಈ ಲೆಕ್ಕವೇ ಒಂದು ಕಾರಣ.

ಜೂಜು ಆ ಕಾಲದಲ್ಲಿ ನೆವಾಡದಲ್ಲಿ ಕಾನೂನಿಗೆ ವಿರುದ್ಧವಾಗಿರಲಿಲ್ಲ. ಆದರೆ ೧೯೦೯ರಲ್ಲಿ ರಾಜ್ಯದ ಶಾಸನಸಭೆಯು ನಿಷೇಧದ ಕಾನೂನನ್ನು ಮಾಡಿತು. ೧೯೧೦ರ ಅಕ್ಟೋಬರ್ ಒಂದರಿಂದ ಅದು ಜಾರಿಗೆ ಬಂದಿತು. ತಿರುಗುವ ಚಕ್ರಗಳು ನಿಂತವು, ಅಥವಾ ಹಿಂದಿನ ಕೋಣೆಗೆ ಸರಿದವು. ಮುಂದಿನ ಇಪ್ಪತ್ತು ವರ್ಷ ಊರು ರೈಲಿನವರ ಊರಾಗಿಯೇ ಉಳಿಯಿತು. ೧೯೨೨ರ ಮುಷ್ಕರದ ತರುವಾಯ ರೈಲ್ವೆ ಕಂಪನಿಯು ದುರಸ್ತಿಯ ಕಾರ್ಖಾನೆಗಳನ್ನು ಬೇರೆ ಊರಿಗೆ ಒಯ್ದಾಗ, ಇನ್ನು ಈ ಊರಿನ ಕಥೆ ಮುಗಿಯಿತೆಂದೇ ಅನೇಕರು ಭಾವಿಸಿರಬೇಕು.

ಹಾಗಾಗದೆ ಇರಲು ಕಾರಣವಾದುದು ೧೯೩೧ನೆಯ ಇಸವಿ. ಆ ವರ್ಷದ ಮಾರ್ಚ್ ೧೯ರಂದು ರಾಜ್ಯಪಾಲ ಫ್ರೆಡ್ ಬಾಲ್ಜರ್ ಅವರು ಜೂಜನ್ನು ಮತ್ತೆ ಕಾನೂನುಬದ್ಧಗೊಳಿಸುವ ಮಸೂದೆಗೆ ರುಜು ಹಾಕಿದರು. ಆರ್ಥಿಕ ಕುಸಿತದ ದಿನಗಳು. ರಾಜ್ಯದ ಬೊಕ್ಕಸ ಬರಿದಾಗಿತ್ತು. ಅದೇ ವರ್ಷ ಮೂವತ್ತು ಮೈಲಿ ದೂರದಲ್ಲಿ, ಕೊಲರಾಡೊ ನದಿಯ ಕಮರಿಯಲ್ಲಿ, ಈಗ ಹೂವರ್ ಅಣೆಕಟ್ಟೆಯೆಂದು ಕರೆಯುವ ಮಹಾಕಾರ್ಯವೂ ಪ್ರಾರಂಭವಾಯಿತು. ಕೆಲಸದ ಭರದ ದಿನಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಮಂದಿ ಅಲ್ಲಿ ದುಡಿಯುತ್ತಿದ್ದರು. ಅವರಿಗಾಗಿ ಸರಕಾರವು ಬೋಲ್ಡರ್ ನಗರವೆಂಬ ಹೊಸ ಊರನ್ನು ಕಟ್ಟಿಸಿ, ಅಲ್ಲಿ ಜೂಜನ್ನೂ ಮದ್ಯವನ್ನೂ ನಿಷೇಧಿಸಿತು. ನೀತಿಯೇನೋ ಒಳ್ಳೆಯದೇ, ಪರಿಣಾಮ ಮಾತ್ರ ಬೇರೆ. ಸಂಬಳದ ದಿನ ಕಾರ್ಮಿಕರು ನೇರವಾಗಿ ಫ್ರೀಮಾಂಟ್ ಬೀದಿಗೆ ನಡೆದರು. ಒಂದನೆಯ ನಂಬರಿನ ಹೋಟೆಲನ್ನು ಆ ವರ್ಷವೇ ವಿಸ್ತರಿಸಿ, ಸಾಲ್ ಸಗೇವ್ ಎಂಬ ವಿನೋದದ ಹೆಸರನ್ನಿಟ್ಟರು.

ಆ ಅಣೆಕಟ್ಟೆಯ ವಿಚಾರದಲ್ಲಿ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಸಿಮೆಂಟು ನೀರಿನೊಡನೆ ಕೂಡಿ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ಗೋಡೆ ತೆಳ್ಳಗಿದ್ದರೆ ಶಾಖವು ಬೇಗ ಹೊರಟುಹೋಗುತ್ತದೆ. ೭೨೬ ಅಡಿ ಎತ್ತರದ, ಬುಡದಲ್ಲಿ ೬೬೦ ಅಡಿ ದಪ್ಪದ ಕಾಂಕ್ರೀಟಿನ ರಾಶಿಯಲ್ಲಿ ಅದು ಹೊರಡುವುದೆಲ್ಲಿಂದ? ಒಂದೇ ಮುದ್ದೆಯಾಗಿ ಎರೆದಿದ್ದರೆ ತಣಿಯಲು ನೂರಿಪ್ಪತ್ತೈದು ವರ್ಷ ಹಿಡಿಯುತ್ತಿತ್ತೆಂದೂ, ಅಷ್ಟರಲ್ಲಿ ಅದು ಬಿರುಕು ಬಿಡುತ್ತಿತ್ತೆಂದೂ ಎಂಜಿನಿಯರುಗಳು ಲೆಕ್ಕ ಹಾಕಿದ್ದರು. ಆದುದರಿಂದ ಅದನ್ನು ಕಂಬಗಳಂತೆ ಬಿಡಿಬಿಡಿಯಾಗಿ ಎರೆದು, ಒಳಗೆ ಒಟ್ಟು ೫೮೨ ಮೈಲಿಗಳಷ್ಟು ಉಕ್ಕಿನ ಕೊಳವೆಗಳನ್ನು ಹುದುಗಿಸಿ, ಅವುಗಳಲ್ಲಿ ತಣ್ಣೀರನ್ನು ಹರಿಸಿದರು. ೧೯೩೫ರ ಸೆಪ್ಟೆಂಬರ್ ೩೦ರಂದು ಅಧ್ಯಕ್ಷ ರೂಸ್‌ವೆಲ್ಟರು ಅಣೆಕಟ್ಟೆಯನ್ನು ಲೋಕಾರ್ಪಣೆ ಮಾಡಿದರು. ಮರುವರ್ಷ ವಿದ್ಯುತ್ತಿನ ಉತ್ಪಾದನೆ ಮೊದಲಾಯಿತು. ಆ ಶಕ್ತಿಯ ಬಹುಪಾಲು ಕ್ಯಾಲಿಫೋರ್ನಿಯಕ್ಕೆ ಸೇರಿದರೂ, ಫ್ರೀಮಾಂಟ್ ಬೀದಿಯ ಪಾಲಿಗೆ ಬಂದುದು ಅದರ ಚಹರೆಯನ್ನೇ ಬದಲಿಸಲು ಸಾಕಾಯಿತು.

ವಿದ್ಯುತ್ತು ಮೊದಲು ತಂದದ್ದು ತಂಪು. ಜುಲೈ ತಿಂಗಳಲ್ಲಿ ಅಲ್ಲಿನ ಹಗಲಿನ ಉಷ್ಣತೆ ಸಾಮಾನ್ಯವಾಗಿ ೪೦ ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಒದ್ದೆ ಹುಲ್ಲಿನ ಅಥವಾ ಮರದ ಸಿಬಿರಿನ ಮೆತ್ತೆಯ ಮೂಲಕ ಪಂಖದಿಂದ ಗಾಳಿಯನ್ನೆಳೆದು ಕೋಣೆಗೆ ಬಿಡುವ ಪೆಟ್ಟಿಗೆಗಳು ಅಲ್ಲಿ ಮೊದಲು ಬಳಕೆಗೆ ಬಂದವು. ನಮ್ಮ ಹಿರಿಯರು ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದುದೂ ಇದೇ ತತ್ತ್ವ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು ೫೮೦ ಕ್ಯಾಲೊರಿ ಶಾಖ ಬೇಕು. ಅದನ್ನು ಗಾಳಿಯಿಂದಲೇ ಕಿತ್ತುಕೊಳ್ಳುವುದರಿಂದ ಗಾಳಿ ತಣ್ಣಗಾಗುತ್ತದೆ. ಗಾಳಿ ಎಷ್ಟು ಒಣಗಿರುವುದೋ ಅಷ್ಟೂ ತಂಪು ಹೆಚ್ಚು. ಮೊಹಾವಿಯಲ್ಲಿ ಸಲ್ಲುವ ಈ ಉಪಾಯ ಮಂಗಳೂರಿನ ಮಳೆಗಾಲದಲ್ಲಿ ಸಲ್ಲದು. ಅನಂತರ ಶೈತ್ಯಯಂತ್ರಗಳು ಬಂದವು. ಅದೇ ಬೀದಿಯಲ್ಲಿ ೧೯೩೨ರಲ್ಲಿ ತೆರೆದ ಅಪಾಚೆ ಹೋಟೆಲು ಹವಾನಿಯಂತ್ರಣವನ್ನೂ ವಿದ್ಯುತ್ತಿನ ಲಿಫ್ಟನ್ನೂ ತೋರಿಸಿ ಜನರನ್ನು ಬೆರಗುಗೊಳಿಸಿತು. ಬೇಸಗೆಯಲ್ಲಿ ಮನುಷ್ಯನನ್ನು ಮೇಜಿನ ಮುಂದೆ ಗಂಟೆಗಟ್ಟಲೆ ಕುಳ್ಳಿರಿಸಿದುದು ಅದೃಷ್ಟದ ಆಸೆಯೊಂದೇ ಅಲ್ಲ. ಹೊರಗಿನ ಬಿಸಿಲೂ ಹೌದು.

ಎರಡನೆಯದು ಬಣ್ಣ. ನಿಯಾನ್ ಎಂಬ ಅನಿಲವನ್ನು ೧೮೯೮ರಲ್ಲಿ ಲಂಡನ್ನಿನಲ್ಲಿ ರ್‍ಯಾಮ್ಸೆ ಮತ್ತು ಟ್ರಾವರ್ಸ್ ಎಂಬ ರಸಾಯನಜ್ಞರು ಗುರುತಿಸಿದರು. ನಾವು ಉಸಿರಾಡುವ ಗಾಳಿಯಲ್ಲಿಯೇ ಅದಿದೆ. ಆದರೆ ಸುಮಾರು ಐವತ್ತೈದು ಸಾವಿರ ಪಾಲಿಗೆ ಒಂದು ಪಾಲು ಮಾತ್ರ. ಗಾಳಿಯನ್ನು ದ್ರವೀಕರಿಸಿ ಅದರ ಅಂಶಗಳನ್ನು ಬೇರ್ಪಡಿಸುವ ಉದ್ಯಮದಲ್ಲಿ ತೊಡಗಿದ್ದ ಫ್ರಾನ್ಸಿನ ಜಾರ್ಜ್ ಕ್ಲೋಡ್ ಅವರ ಬಳಿ ನಿಯಾನ್ ಸಾಕಷ್ಟು ಉಳಿಯುತ್ತಿತ್ತು. ಅದನ್ನು ಗಾಜಿನ ಕೊಳವೆಯಲ್ಲಿ ಕಡಿಮೆ ಒತ್ತಡದಲ್ಲಿ ತುಂಬಿ, ಎರಡು ತುದಿಗಳಿಗೂ ಅಧಿಕ ವಿಭವದ ವಿದ್ಯುತ್ತನ್ನು ಕೊಟ್ಟು, ೧೯೧೦ರಲ್ಲಿ ಪ್ಯಾರಿಸಿನ ಪ್ರದರ್ಶನವೊಂದರಲ್ಲಿ ಅವರು ತೋರಿಸಿದರು. ಓಡುವ ಎಲೆಕ್ಟ್ರಾನುಗಳು ನಿಯಾನ್ ಪರಮಾಣುಗಳಿಗೆ ಡಿಕ್ಕಿ ಹೊಡೆದು ಅವುಗಳನ್ನು ಉದ್ರೇಕಿಸುತ್ತವೆ; ಪರಮಾಣುಗಳು ಮರಳಿ ಶಾಂತವಾಗುವಾಗ ಕೆಂಗಿತ್ತಳೆಯ ಬೆಳಕನ್ನು ಹೊರಸೂಸುತ್ತವೆ. ನೀಲಿಯ ಬೆಳಕು ಬೇಕಾದರೆ ಆರ್ಗಾನ್ ಮತ್ತು ಪಾದರಸ. ಕೊಳವೆಗಳನ್ನು ಉರಿಯ ಮೇಲೆ ಹಿಡಿದು ಅಕ್ಷರದ ಆಕಾರಕ್ಕೆ ಬಾಗಿಸುವುದು ಇಂದಿಗೂ ಕೈಗೆಲಸವೇ. ೧೯೪೬ರಲ್ಲಿ ಗೋಲ್ಡನ್ ನಗೆಟ್, ೧೯೫೧ರಲ್ಲಿ ಪಯೋನಿಯರ್ ಕ್ಲಬ್ಬಿನ ಮೇಲೆ ಎದ್ದು ನಿಂತು ಕೈಬೀಸುವ ನಲವತ್ತಡಿಯ ದನಗಾಹಿಯ ಪ್ರತಿಮೆ — ಹೀಗೆ ಸಾಲ್ ಸಗೇವಿನ ನೆರೆಹೊರೆಯಲ್ಲಿ ರಾತ್ರಿಯೆಂಬುದೇ ಇಲ್ಲದಂತಾಯಿತು.

ಅದೇ ೧೯೫೧ರ ಜನವರಿ ೨೭ರ ಮುಂಜಾನೆ ಬೇರೆ ಒಂದು ಬೆಳಕು ಕಾಣಿಸಿಕೊಂಡಿತು. ನಗರದಿಂದ ವಾಯವ್ಯಕ್ಕೆ ಸುಮಾರು ಅರುವತ್ತೈದು ಮೈಲಿ ದೂರದಲ್ಲಿ ಸರಕಾರವು ಅಣುಬಾಂಬುಗಳ ಪರೀಕ್ಷಾಭೂಮಿಯನ್ನು ತೆರೆದಿತ್ತು. ಅಂದಿನಿಂದ ೧೯೬೨ರವರೆಗೆ ಅಲ್ಲಿ ನೆಲದ ಮೇಲೂ ಆಕಾಶದಲ್ಲೂ ನೂರು ಸ್ಫೋಟಗಳು ನಡೆದವು. ಬೆಳಕು ಫ್ರೀಮಾಂಟ್ ಬೀದಿಗೆ ಕಣ್ಣೆವೆ ಮಿಟುಕಿಸುವುದರೊಳಗೆ ಬರುತ್ತಿತ್ತು. ಶಬ್ದವು ಅಷ್ಟು ದೂರ ಬರಲು ಐದು ನಿಮಿಷ ಬೇಕು. ಮಿಂಚನ್ನು ಕಂಡವನು ಒಳಗೆ ಹೋಗಿ ಕಾಫಿ ಕುಡಿದು ಬರುವಷ್ಟರಲ್ಲಿ ಗುಡುಗು. ಅಂಗಡಿಗಳ ಕಿಟಕಿಯ ಗಾಜುಗಳು ಒಡೆದುದೂ ಉಂಟು. ಆದರೂ ನಗರದ ವಾಣಿಜ್ಯಮಂಡಲಿಯು ಹೆದರುವ ಬದಲು ಪರೀಕ್ಷೆಗಳ ವೇಳಾಪಟ್ಟಿಯನ್ನು ಅಚ್ಚು ಹಾಕಿಸಿ ಪ್ರವಾಸಿಗಳಿಗೆ ಹಂಚಿತು! ಹೋಟೆಲುಗಳ ಮಾಳಿಗೆಯಿಂದ ಅಣಬೆಯಾಕಾರದ ಮೋಡವನ್ನು ನೋಡುವುದು ಒಂದು ಮನೋರಂಜನೆಯಾಯಿತು.

ಮೋಡ ಅಲ್ಲಿಯೇ ನಿಲ್ಲಲಿಲ್ಲ. ಗಾಳಿ ಲಾಸ್ ವೇಗಸ್ಸಿನ ಕಡೆಗೆ ಬೀಸುವ ದಿನ ಪರೀಕ್ಷೆಯನ್ನು ಮುಂದೂಡುತ್ತಿದ್ದರು. ಪೂರ್ವಕ್ಕೆ ಬೀಸುವಾಗ ನಡೆಸುತ್ತಿದ್ದರು. ಪೂರ್ವದಲ್ಲಿ ಯೂಟಾ ರಾಜ್ಯದ ಸೇಂಟ್ ಜಾರ್ಜ್ ಮುಂತಾದ ಊರುಗಳಿದ್ದವು. ೧೯೫೩ರ ಮೇ ತಿಂಗಳ ಒಂದು ಸ್ಫೋಟದ ವಿಕಿರಣಧೂಳು ಆ ಊರಿನ ಮೇಲೆಯೇ ಇಳಿಯಿತು. ಅದರಲ್ಲಿ ಎಂಟು ದಿನಗಳ ಅರ್ಧಾಯುಷ್ಯವುಳ್ಳ ಅಯೊಡಿನ್-೧೩೧ ಇರುತ್ತದೆ. ಹುಲ್ಲಿನ ಮೇಲೆ ಬಿದ್ದು, ಹಸುವಿನ ಹೊಟ್ಟೆಗೆ ಸೇರಿ, ಹಾಲಿನ ಮೂಲಕ ಮಕ್ಕಳ ಕತ್ತಿನ ಥೈರಾಯ್ಡ್ ಗ್ರಂಥಿಯಲ್ಲಿ ಅದು ನೆಲೆಸುತ್ತದೆ. ಅಪಾಯವಿಲ್ಲವೆಂದು ಅಧಿಕಾರಿಗಳು ಜನರಿಗೆ ಆಶ್ವಾಸನೆ ಕೊಡುತ್ತಲೇ ಇದ್ದರು. ಗಾಳಿಯ ಕೆಳದಿಕ್ಕಿನ ಆ ಜನರಿಗೆ ಪರಿಹಾರ ಕೊಡುವ ಕಾನೂನು ಬಂದುದು ೧೯೯೦ರಲ್ಲಿ. ಜೂಜಿನ ಬೀದಿಯಲ್ಲಿ ನಿಂತು ಆ ಬೆಳಕನ್ನು ನೋಡಿ ಚಪ್ಪಾಳೆ ತಟ್ಟಿದವರಿಗೆ, ತಮಗೆ ತಿಳಿಯದಂತೆಯೇ ಇನ್ನಾರದೋ ಆರೋಗ್ಯ ಪಣಕ್ಕೆ ಬಿದ್ದಿದೆಯೆಂಬುದು ಗೊತ್ತಿರಲಿಲ್ಲ.

೧೯೫೫ರಲ್ಲಿ ಸಾನ್ ಫ್ರಾನ್ಸಿಸ್ಕೊ ಕಡೆಯಿಂದ ಬಂದ ಇಟಲಿ ಮೂಲದ ಕೆಲವು ಪಾಲುದಾರರು — ಇಟಾಲೊ ಗೆಲ್ಫಿ ಅವರಲ್ಲೊಬ್ಬರು — ಸಾಲ್ ಸಗೇವಿನ ನೆಲಮಾಳಿಗೆಯ ಮಟ್ಟದಲ್ಲಲ್ಲ, ಬೀದಿಗೆ ಸಮನಾದ ಅಂತಸ್ತಿನಲ್ಲಿಯೇ, ಜೂಜಿನ ಅಂಗಣವೊಂದನ್ನು ತೆರೆದು, ತಮ್ಮೂರಿನ ಪ್ರಖ್ಯಾತ ತೂಗುಸೇತುವೆಯ ಹೆಸರನ್ನಿಟ್ಟರು. ಕೆಳಗೆ ಗೋಲ್ಡನ್ ಗೇಟ್, ಮೇಲೆ ಸಾಲ್ ಸಗೇವ್. ಇಡೀ ಕಟ್ಟಡಕ್ಕೆ ಒಂದೇ ಹೆಸರಾದದ್ದು ೧೯೭೪ರಲ್ಲಿ. ಅಂದಿನ ದಿನಗಳಲ್ಲಿ ಈ ಬೀದಿಯ ಬಾಗಿಲುಗಳು ಕರಿಯ ಜನರಿಗೆ ತೆರೆದಿರಲಿಲ್ಲವೆಂಬುದನ್ನೂ ಹೇಳಬೇಕು. ಅವರು ರೈಲುಹಾದಿಯ ಆಚೆಗಿನ ಪಶ್ಚಿಮ ಭಾಗದಲ್ಲಿ ವಾಸಿಸಬೇಕಾಗಿತ್ತು; ದೊಡ್ಡ ಹೋಟೆಲುಗಳಲ್ಲಿ ಹಾಡಿ ಹೊಗಳಿಸಿಕೊಂಡ ಕರಿಯ ಗಾಯಕರಿಗೂ ಆ ಹೋಟೆಲುಗಳಲ್ಲಿ ಹಾಸಿಗೆ ಸಿಗುತ್ತಿರಲಿಲ್ಲ. ಮೆರವಣಿಗೆ ಹೊರಡಿಸುವುದಾಗಿ ಅವರ ಮುಖಂಡರು ಎಚ್ಚರಿಸಿದ ಮೇಲೆ, ೧೯೬೦ರ ಮಾರ್ಚ್ ತಿಂಗಳಲ್ಲಿ, ಮೂಲಾಂ ರೂಜ್ ಎಂಬ ಮುಚ್ಚಿದ್ದ ಹೋಟೆಲಿನಲ್ಲಿ ನಡೆದ ಸಭೆಯ ಫಲವಾಗಿ ಆ ಕಟ್ಟುಪಾಡು ಮುರಿಯಿತು.

ಹೊಸ ಪಾಲುದಾರರು ೧೯೫೯ರಲ್ಲಿ ಸಿಗಡಿಯ ಖಾದ್ಯವೊಂದನ್ನು ಅರ್ಧ ಡಾಲರಿಗೆ ಮಾರಲಾರಂಭಿಸಿದರು. ಸಮುದ್ರದಿಂದ ಇನ್ನೂರು ಮೈಲಿಗೂ ಹೆಚ್ಚು ದೂರದ ಮರುಭೂಮಿಯಲ್ಲಿ ಸಿಗಡಿ! ಜನ ಸಾಲುಗಟ್ಟಿ ನಿಂತರು. ಇಷ್ಟು ಅಗ್ಗವಾಗಿ ಕೊಟ್ಟರೆ ಹೋಟೆಲಿಗೆ ಗಿಟ್ಟುವುದು ಹೇಗೆ ಎಂದು ವಾಚಕರು ಕೇಳಬಹುದು. ಇದಕ್ಕೆ ಉತ್ತರ ಅಡಿಗೆಮನೆಯಲ್ಲಿಲ್ಲ, ಗಣಿತದಲ್ಲಿದೆ.

ರೂಲೆಟ್ ಎಂಬ ಚಕ್ರವನ್ನೇ ತೆಗೆದುಕೊಳ್ಳೋಣ. ಅಮೆರಿಕದ ಚಕ್ರದಲ್ಲಿ ಮೂವತ್ತೆಂಟು ಗೂಡುಗಳು: ಒಂದರಿಂದ ಮೂವತ್ತಾರರವರೆಗೆ ಕೆಂಪು ಕಪ್ಪಿನ ಅಂಕೆಗಳು, ಜತೆಗೆ ಹಸುರು ಬಣ್ಣದ ಒಂದು ಸೊನ್ನೆ ಮತ್ತು ಒಂದು ಜೋಡಿ ಸೊನ್ನೆ. ಒಂದು ಅಂಕೆಯ ಮೇಲೆ ಒಂದು ಡಾಲರು ಕಟ್ಟಿ ಗೆದ್ದರೆ ಮೂವತ್ತೈದು ಡಾಲರು ಲಾಭ ಕೊಡುತ್ತಾರೆ. ನ್ಯಾಯವಾಗಿ ಮೂವತ್ತೇಳು ಕೊಡಬೇಕು. ಆ ಎರಡು ಡಾಲರುಗಳೇ ಮನೆಯ ಪಾಲು: ಮೂವತ್ತೆಂಟಕ್ಕೆ ಎರಡು, ಎಂದರೆ ನೂರಕ್ಕೆ ೫.೨೬. ಚಕ್ರದಲ್ಲಿ ಮೋಸವಿಲ್ಲ, ಚೆಂಡಿನಲ್ಲಿ ಮೋಸವಿಲ್ಲ. ಶಕುನಿಗೆ ಕಪಟದ ದಾಳ ಬೇಕಾಗಿತ್ತು, ಇವರಿಗೆ ಬೇಡ.

ಇಷ್ಟು ಅಲ್ಪವಾದ ಅಂತರವು ಮನುಷ್ಯನನ್ನು ಮುಳುಗಿಸುವುದು ಹೇಗೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಕೆಂಪಿನ ಮೇಲೆ ಸಮಪಣ ಕಟ್ಟುವವನಿಗೆ ಒಂದು ಆಟದಲ್ಲಿ ಗೆಲ್ಲುವ ಸಂಭವ ನೂರಕ್ಕೆ ಸುಮಾರು ೪೭. ಇದು ಆಕರ್ಷಕವಾಗಿಯೇ ಇದೆ. ಆದರೆ ಅವನು ಹೀಗೆ ನೂರು ಆಟ ಆಡಿದರೆ, ಕೊನೆಯಲ್ಲಿ ಲಾಭದಲ್ಲಿರುವ ಸಂಭವ ನೂರಕ್ಕೆ ೨೭ರಷ್ಟಕ್ಕೆ ಇಳಿಯುತ್ತದೆ. ಸಾವಿರ ಆಟ ಆಡಿದರೆ ನೂರಕ್ಕೆ ನಾಲ್ಕೋ ಐದೋ. ಹತ್ತು ಸಾವಿರ ಆಟ ಆಡಿದವರಲ್ಲಿ ಲಾಭದಿಂದ ಏಳುವವನು ಕೋಟಿಗೆ ಒಬ್ಬನೂ ಇಲ್ಲ. ಯಾಕೆಂದರೆ ನಷ್ಟದ ಮೊತ್ತ ಆಟಗಳ ಸಂಖ್ಯೆಯೊಡನೆ ನೇರವಾಗಿ ಬೆಳೆಯುತ್ತದೆ. ಅದೃಷ್ಟದ ಏರಿಳಿತವಾದರೋ ಆ ಸಂಖ್ಯೆಯ ವರ್ಗಮೂಲದಷ್ಟೇ ಬೆಳೆಯುತ್ತದೆ. ಬೃಹತ್ ಸಂಖ್ಯೆಗಳ ಈ ನಿಯಮವನ್ನು ಸ್ವಿಟ್ಜರ್ಲೆಂಡಿನ ಯಾಕೊಬ್ ಬರ್ನೂಲಿ ಸಾಧಿಸಿದ್ದನು. ಅವನ ಗ್ರಂಥವು ಅಚ್ಚಾದುದು ೧೭೧೩ರಲ್ಲಿ, ಅವನು ತೀರಿಕೊಂಡ ಎಂಟು ವರ್ಷಗಳ ಮೇಲೆ. ಒಬ್ಬ ಗಿರಾಕಿಗೆ ಆಟ ಜೂಜು. ದಿನಕ್ಕೆ ಸಾವಿರಾರು ಆಟಗಳನ್ನು ನಡೆಸುವ ಹೋಟೆಲಿಗೆ ಅದು ಜೂಜೇ ಅಲ್ಲ. ಸಿಗಡಿಯ ತಟ್ಟೆಯೊಂದರಲ್ಲಿ ಹೋಟೆಲಿಗೆ ಅರ್ಧ ಡಾಲರು ನಷ್ಟವಾಯಿತೆಂದೇ ಇಟ್ಟುಕೊಳ್ಳೋಣ. ತಿಂದವನು ಹೊರಗೆ ಹೋಗುವ ದಾರಿಯಲ್ಲಿ ಚಕ್ರದ ಮುಂದೆ ಒಟ್ಟು ಒಂಬತ್ತೂವರೆ ಡಾಲರು ಪಣ ಕಟ್ಟಿದರೆ, ಸರಾಸರಿಯಲ್ಲಿ ಅದು ಹುಟ್ಟಿಬಿಡುತ್ತದೆ.

ಸೋಲುತ್ತಿದ್ದೇನೆಂದು ತಿಳಿದ ಮೇಲೂ ಎದ್ದು ಹೋಗಲಾರದೇಕೆ? ಕಾರಣಗಳು ಎರಡು. ಮೊದಲನೆಯದು ಒಂದು ಭ್ರಾಂತಿ. ೧೯೧೩ರ ಆಗಸ್ಟಿನಲ್ಲಿ ಮಾಂಟೆ ಕಾರ್ಲೊ ಎಂಬಲ್ಲಿ ರೂಲೆಟ್ಟಿನ ಚೆಂಡು ಸತತವಾಗಿ ಇಪ್ಪತ್ತಾರು ಸಲ ಕಪ್ಪಿನ ಗೂಡಿಗೇ ಬಿದ್ದಿತು. ಇನ್ನು ಕೆಂಪು ಬಂದೇ ಬರಬೇಕೆಂದು ಜನ ಪಣವನ್ನು ಇಮ್ಮಡಿ ಮುಮ್ಮಡಿಯಾಗಿ ಏರಿಸಿ ಅಪಾರ ಹಣ ಕಳೆದುಕೊಂಡರು. ಚೆಂಡಿಗೆ ಹಿಂದಿನದರ ನೆನಪಿಲ್ಲ, ನೆನಪಿರುವುದು ನಮಗೆ. ಎರಡನೆಯದು ಇನ್ನೂ ಆಳವಾದುದು. ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಅವರು ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು, ಗುಂಡಿಯನ್ನು ಕುಕ್ಕಿದಾಗ ಕಾಳು ಬೀಳುವಂತೆ ಮಾಡಿದ್ದರು. ಕುಕ್ಕಿದಾಗಲೆಲ್ಲ ಕಾಳು ಕೊಟ್ಟು, ಅನಂತರ ನಿಲ್ಲಿಸಿದರೆ ಪಕ್ಷಿ ಬೇಗನೆ ಸುಮ್ಮನಾಗುತ್ತದೆ. ಎಷ್ಟನೆಯ ಸಲಕ್ಕೆ ಕಾಳು ಬೀಳುವುದೆಂದು ತಿಳಿಯದಂತೆ ಆಗೊಮ್ಮೆ ಈಗೊಮ್ಮೆ ಕೊಟ್ಟರೆ, ಕಾಳು ನಿಂತ ಮೇಲೂ ಅದು ಬಹಳ ಹೊತ್ತು ಬಿಡದೆ ಕುಕ್ಕುತ್ತಲೇ ಇರುತ್ತದೆ. ೧೯೫೩ರ ತಮ್ಮ ಗ್ರಂಥದಲ್ಲಿ ಸ್ಕಿನ್ನರರೇ ಇದನ್ನು ಜೂಜಿನ ಯಂತ್ರಕ್ಕೆ ಹೋಲಿಸಿದರು. ಹಿಡಿಯನ್ನೆಳೆದರೆ ಮೂರು ಉರುಳೆಗಳು ತಿರುಗುವ ಆ ಯಂತ್ರವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಾನ್ ಫ್ರಾನ್ಸಿಸ್ಕೊದ ಚಾರ್ಲ್ಸ್ ಫೇ ಎಂಬ ಕುಶಲಕರ್ಮಿ ರಚಿಸಿದ್ದನು. ಅವನು ಪಾರಿವಾಳಗಳ ಮೇಲೆ ಪ್ರಯೋಗ ಮಾಡಿರಲಿಲ್ಲ. ಮಾಡುವ ಅಗತ್ಯವೂ ಅವನಿಗೆ ಬೀಳಲಿಲ್ಲ. ಜೂಜಿನ ಗೀಳನ್ನು ಈಗ ವೈದ್ಯರು ಮದ್ಯ, ಮಾದಕಗಳ ಚಟದ ಸಾಲಿಗೇ ಸೇರಿಸಿದ್ದಾರೆ. ಅಮೆರಿಕದ ಮನೋವೈದ್ಯರ ಸಂಘವು ೨೦೧೩ರ ತನ್ನ ಕೈಪಿಡಿಯಲ್ಲಿ ಹಾಗೆ ವರ್ಗೀಕರಿಸಿತು.

ಗಣಿತವು ಯಾವಾಗಲೂ ಮನೆಯ ಕಡೆಗೇ ನಿಲ್ಲಲಿಲ್ಲವೆಂಬುದೂ ಸ್ವಾರಸ್ಯವಾದ ಸಂಗತಿ. ಎಡ್ವರ್ಡ್ ಥಾರ್ಪ್ ಎಂಬ ತರುಣ ಗಣಿತಜ್ಞರೂ, ಮಾಹಿತಿ ಸಿದ್ಧಾಂತದ ಪಿತಾಮಹ ಕ್ಲಾಡ್ ಶ್ಯಾನನ್ನರೂ ಸೇರಿ, ಹನ್ನೆರಡು ಟ್ರಾನ್ಸಿಸ್ಟರುಗಳ, ಸಿಗರೇಟಿನ ಪೊಟ್ಟಣದಷ್ಟೇ ದೊಡ್ಡದಾದ ಗಣಕಯಂತ್ರವೊಂದನ್ನು ರಚಿಸಿ, ೧೯೬೧ರ ಬೇಸಗೆಯಲ್ಲಿ ಲಾಸ್ ವೇಗಸ್ಸಿಗೆ ತಂದರು. ರೂಲೆಟ್ಟಿನಲ್ಲಿ ಚೆಂಡು ಹೊರಟ ಮೇಲೂ ಸ್ವಲ್ಪ ಹೊತ್ತು ಪಣ ಕಟ್ಟಲು ಅವಕಾಶವಿರುತ್ತದೆ. ಚಕ್ರ ಮತ್ತು ಚೆಂಡುಗಳ ವೇಗವನ್ನು ಅಳೆಯಬಲ್ಲವನಿಗೆ ಅದು ಅದೃಷ್ಟವಲ್ಲ, ಚಲನಶಾಸ್ತ್ರ. ಬೂಟಿನೊಳಗೆ ಕಾಲಬೆರಳಿನಿಂದ ಗುಂಡಿಯೊತ್ತಿ ವೇಗವನ್ನು ತಿಳಿಸಿದರೆ, ಚೆಂಡು ಚಕ್ರದ ಯಾವ ಭಾಗದಲ್ಲಿ ಬೀಳಬಹುದೆಂಬುದನ್ನು ಯಂತ್ರವು ಸಂಗೀತದ ಸ್ವರವೊಂದರಿಂದ ಕಿವಿಗೆ ಹೇಳುತ್ತಿತ್ತು. ನೂರಕ್ಕೆ ೪೪ರಷ್ಟು ಲಾಭ ನಿರೀಕ್ಷಿತವಾಗಿತ್ತು. ಯಂತ್ರ ಗೆದ್ದಿತು, ತಂತಿ ಸೋತಿತು: ಕಿವಿಗೆ ಹೋಗುವ ಕೂದಲೆಳೆಯಂಥ ತಂತಿ ಮತ್ತೆ ಮತ್ತೆ ತುಂಡಾಗುತ್ತಿತ್ತು. ಇಬ್ಬರು ವಿದ್ವಾಂಸರೂ ಸಣ್ಣ ನಾಣ್ಯಗಳನ್ನು ಕಟ್ಟಿ ತತ್ತ್ವವನ್ನು ಪರೀಕ್ಷಿಸಿ ಮನೆಗೆ ಹಿಂದಿರುಗಿದರು. ಮೈಮೇಲೆ ಧರಿಸುವ ಗಣಕಯಂತ್ರಗಳಲ್ಲಿ ಇದೇ ಮೊದಲನೆಯದೆಂದು ಈಗ ಪರಿಗಣಿಸುತ್ತಾರೆ. ನೆವಾಡ ರಾಜ್ಯವು ಇಂಥ ಸಾಧನಗಳನ್ನು ೧೯೮೫ರಲ್ಲಿ ಕಾನೂನಿನಿಂದ ನಿಷೇಧಿಸಿತು. ಮನೆಗೆ ಗಣಿತ ಸಲ್ಲುತ್ತದೆ, ಅತಿಥಿಗೆ ಸಲ್ಲದು!

ಅಷ್ಟರಲ್ಲಿ ಊರನ್ನು ಹೆತ್ತ ಚಿಲುಮೆಗಳ ಗತಿಯೇನಾಗಿತ್ತು? ಕೊಳವೆಬಾವಿಗಳು ಹೆಚ್ಚಿದಂತೆಲ್ಲ ಭೂಮಿಯೊಳಗಿನ ಒತ್ತಡ ಇಳಿಯಿತು. ೧೯೬೨ರಲ್ಲಿ ಚಿಲುಮೆಗಳಿಂದ ನೀರು ಹರಿಯುವುದು ಪೂರ್ತಿಯಾಗಿ ನಿಂತುಹೋಯಿತು. ನೀರನ್ನು ಕಳೆದುಕೊಂಡ ಜೇಡಿಯ ಪದರಗಳು ಕುಗ್ಗಿ, ಕಣಿವೆಯ ಕೆಲವೆಡೆಗಳಲ್ಲಿ ನೆಲವೇ ಐದಡಿಗೂ ಮಿಕ್ಕಿ ಕುಸಿದಿದೆ. ಈಗ ನಗರದ ನೀರಿನ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಹೂವರ್ ಅಣೆಕಟ್ಟೆಯ ಹಿಂದಿನ ಮೀಡ್ ಸರೋವರದಿಂದ ಬರುತ್ತದೆ. ಆ ಸರೋವರವು ೨೦೨೨ರ ಬೇಸಗೆಯಲ್ಲಿ, ಮೊದಲು ತುಂಬಿದ ೧೯೩೦ರ ದಶಕದಿಂದೀಚೆಗೆ ಎಂದೂ ಕಾಣದಷ್ಟು ಕೆಳಗಿಳಿದು, ಮುಳುಗಿದ್ದ ದೋಣಿಗಳ ಅಸ್ಥಿಪಂಜರಗಳನ್ನು ಹೊರತೋರಿಸಿತು. ಹೋಟೆಲಿನ ಕೋಣೆಗಳಲ್ಲಿ ಸ್ನಾನಕ್ಕೆ ಬಳಸಿದ ನೀರನ್ನು ಬಹುತೇಕ ಶುದ್ಧಿಗೊಳಿಸಿ ಮತ್ತೆ ಸರೋವರಕ್ಕೇ ಬಿಡುತ್ತಾರೆ. ಮರಳಿ ಬಾರದೆ ಹೋಗುವುದು ಹುಲ್ಲಿಗೆ ಹಾಯಿಸಿದ ನೀರು. ಆದುದರಿಂದ ಕೇವಲ ಅಲಂಕಾರಕ್ಕಾಗಿ ಬೆಳೆಸಿದ ಹುಲ್ಲನ್ನು ೨೦೨೬ರ ಕೊನೆಯೊಳಗೆ ಕಿತ್ತುಹಾಕಬೇಕೆಂದು ೨೦೨೧ರಲ್ಲಿ ಕಾನೂನಾಯಿತು. ಹುಲ್ಲುಗಾವಲೆಂಬ ಹೆಸರಿನ ಊರಿಗೆ ಈ ಆಜ್ಞೆ!

ಹೋಟೆಲಿನ ವಿಷಯಕ್ಕೆ ಹಿಂದಿರುಗೋಣ. ಎದುರಿನ ರೈಲ್ವೆ ನಿಲ್ದಾಣವನ್ನು ಕೆಡವಿದ ಸ್ಥಳದಲ್ಲಿ ೧೯೭೧ರಲ್ಲಿ ಯೂನಿಯನ್ ಪ್ಲಾಜಾ ಎಂಬ ಎತ್ತರದ ಜೂಜಿನ ಹೋಟೆಲು ಎದ್ದಿತು. ನಗರದ ದಕ್ಷಿಣದಲ್ಲಿ ಹೊಸ ಹೋಟೆಲುಗಳು ಅರಮನೆಗಳಂತೆ ಬೆಳೆದು ಗಿರಾಕಿಗಳನ್ನು ಸೆಳೆದುಕೊಂಡಾಗ ಹಳೆಯ ಪೇಟೆ ಸೊರಗಿತು. ಗೋಲ್ಡನ್ ಗೇಟಿನವರು ೧೯೯೦ರ ಸುಮಾರಿಗೆ, ಹಿಂದೆ ಮುಂಭಾಗಕ್ಕೆ ಹೊದಿಸಿದ್ದ ಲೋಹದ ಹೊದಿಕೆಯನ್ನು ಕಿತ್ತುಹಾಕಿ ಹಳೆಯ ಗೋಡೆಯ ರೂಪವನ್ನು ಮತ್ತೆ ಹೊರತಂದರು. ಪೇಟೆಯ ಹೋಟೆಲುಗಳು ನಗರಾಡಳಿತದೊಡನೆ ಸೇರಿ, ಬೀದಿಯಲ್ಲಿ ವಾಹನಗಳನ್ನು ನಿಲ್ಲಿಸಿ, ತೊಂಬತ್ತಡಿ ಎತ್ತರದಲ್ಲಿ ಸುಮಾರು ಸಾವಿರದ ಐನೂರು ಅಡಿ ಉದ್ದದ ಕಮಾನುಚಪ್ಪರವನ್ನು ಕಟ್ಟಿಸಿದರು. ೧೯೯೫ರಲ್ಲಿ ಅದಕ್ಕೆ ಅಳವಡಿಸಿದ್ದುದು ಇಪ್ಪತ್ತೊಂದು ಲಕ್ಷ ತಂತುದೀಪಗಳು. ತಂತುದೀಪವು ತಾನು ಪಡೆದ ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿಯೇ ಕಳೆಯುತ್ತದೆ. ಮರುಭೂಮಿಯಲ್ಲಿ ಅದೊಂದು ಹೆಚ್ಚಿನ ಕಾಟ. ೨೦೦೪ರಲ್ಲಿ ಅವುಗಳ ಬದಲು ಒಂದು ಕೋಟಿ ಇಪ್ಪತ್ತೈದು ಲಕ್ಷ ಅರೆವಾಹಕ ದೀಪಗಳು ಬಂದವು. ೨೦೧೯ರ ನವೀಕರಣದಲ್ಲಿ ಅವು ನಾಲ್ಕು ಕೋಟಿ ತೊಂಬತ್ತಮೂರು ಲಕ್ಷಕ್ಕೆ ಏರಿದವು.

ಅರ್ಧ ಡಾಲರಿನ ಸಿಗಡಿಯ ಬೆಲೆ ೧೯೯೧ರಲ್ಲಿ ೯೯ ಸೆಂಟುಗಳಾಯಿತು. ಆಮೇಲೆ ಇನ್ನೂ ಏರಿತು. ೨೦೧೭ರಲ್ಲಿ ಹೋಟೆಲನ್ನು ವಿಸ್ತರಿಸಿದ ವರ್ಷವೇ ಆ ಖಾದ್ಯದ ಮಾರಾಟವನ್ನು ನಿಲ್ಲಿಸಿದರು. ಮಿಲ್ಲರನ ಹಳೆಯ ಕಟ್ಟಡದ ಭಾಗಗಳು ಇಂದಿಗೂ ಉಳಿದಿವೆ. ಅಲ್ಲಿಗೆ ಬರುವವರಲ್ಲಿ ರೈಲಿನಿಂದ ಇಳಿದವನು ಒಬ್ಬನೂ ಇಲ್ಲ. ೧೯೯೭ರಿಂದೀಚೆಗೆ ಲಾಸ್ ವೇಗಸ್ಸಿನಲ್ಲಿ ಪ್ರಯಾಣಿಕರ ರೈಲುಗಾಡಿ ನಿಂತದ್ದೇ ಇಲ್ಲ.